ಬಾಯಿ ಮುಕ್ಕಾದ ಉಳಿ, ಬಿರುಕು ಬಿಟ್ಟ ಹತ್ತರಿ: ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಷಗಟ್ಟಲೆ ಕೈಗೆ ಒಗ್ಗಿದ ಉಳಿಯೋ ಹತ್ತರಿಯೋ (ಉಜ್ಜುಗೊರಡೋ) ಒಂದು ಗಳಿಗೆಯಲ್ಲಿ ಕೆಟ್ಟುಹೋದಾಗ ಹಾಸನ, ಚಿಕ್ಕಮಗಳೂರು ಕಡೆಯ ಬಡಗಿಗಳೂ ಮನೆಯಲ್ಲಿ ಹವ್ಯಾಸಕ್ಕೆ ಮರಗೆಲಸ ಮಾಡುವವರೂ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ನೋಡಿದ ಮಟ್ಟಿಗೆ, ಬಿದ್ದು ಹಾಳಾದ ಉಪಕರಣಗಳಿಗಿಂತ ಬಿದ್ದ ಮೇಲೆ ಗಾಬರಿಯಲ್ಲಿ ರಿಪೇರಿ ಮಾಡಲು ಹೋಗಿ ಹಾಳಾದವೇ ಹೆಚ್ಚು. ಅದಕ್ಕೇ ಇಲ್ಲಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಏನು ಮಾಡಬಾರದು ಎಂಬುದೇ ಇದೆ.

ಉಳಿ ಸಿಮೆಂಟ್ ನೆಲಕ್ಕೆ ಬಾಯಿ ಕೆಳಗಾಗಿ ಬಿತ್ತು. ಮೊದಲು ಏನು ಮಾಡಲಿ?

ಆ ದಿನ ಸಾಣೆಯ ಹತ್ತಿರ ಹೋಗಬೇಡಿ. ಉಳಿಯನ್ನು ಒರೆಸಿ, ಬಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹರಿತವಾದ ಬಾಯಿ ಹೊಳೆಯುವುದಿಲ್ಲ. ಪೆಟ್ಟು ತಿಂದ ಜಾಗ ಮಾತ್ರ ಸಣ್ಣ ಬಿಳಿ ಚುಕ್ಕೆಯಾಗಿ ಮಿನುಗುತ್ತದೆ. ಮೂಲೆ ಮಡಚಿಕೊಂಡಿದೆಯೋ ಚಿಪ್ಪಾಗಿ ಹಾರಿಹೋಗಿದೆಯೋ ಎಂಬುದನ್ನು ಗಮನಿಸಿ. ಮಡಚಿಕೊಂಡಿದ್ದರೆ ಉಕ್ಕು ಸ್ವಲ್ಪ ಮೆದು, ಸಾಣೆಕಲ್ಲಿನ ಮೇಲೆ ಬೇಗ ಸರಿಹೋಗುತ್ತದೆ. ಚಿಪ್ಪು ಹಾರಿದ್ದರೆ ಉಕ್ಕು ಗಡಸು. ಆಗ ಚಿಪ್ಪು ಹಾರಿದ ಜಾಗದಿಂದ ಬಿರುಕು ಮೇಲಕ್ಕೆ ಓಡಿದೆಯೇ ಎಂದು ನೋಡಲೇಬೇಕು.

ಬಿರುಕು ಕಣ್ಣಿಗೆ ಕಾಣದಿದ್ದರೂ ಕಂಡುಹಿಡಿಯುವ ಹಳೆಯ ಉಪಾಯವೊಂದಿದೆ. ಅನುಮಾನವಿರುವ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ ಕಾಲು ಗಂಟೆ ಬಿಡಿ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆದರೂ ಆದೀತು. ಆಮೇಲೆ ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, ಅದರ ಮೇಲೆ ಬಿಳಿ ಸೀಮೆಸುಣ್ಣವನ್ನು ತೆಳುವಾಗಿ ಉಜ್ಜಿ. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಸ್ವಲ್ಪ ಹೊತ್ತಿನಲ್ಲಿ ಮೇಲೆ ಬಂದು ಬಿಳಿಯ ಮೇಲೆ ಒದ್ದೆ ಗೆರೆ ಎಳೆಯುತ್ತದೆ. ಗೆರೆ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗಿನ ಉಕ್ಕು ಹೋದ ಹಾಗೆಯೇ ಲೆಕ್ಕ. ಗೆರೆ ಮೂಡದಿದ್ದರೆ ನಿಶ್ಚಿಂತೆಯಿಂದ ಮುಂದಿನ ಕೆಲಸಕ್ಕೆ ಹೋಗಬಹುದು.

ಇನ್ನೊಂದು ಮಾತು. ಬೀಳುತ್ತಿರುವ ಉಳಿಯನ್ನು ಹಿಡಿಯಲು ಕೈಯನ್ನಾಗಲಿ ಕಾಲನ್ನಾಗಲಿ ಚಾಚಬೇಡಿ. ಉಳಿಯನ್ನು ಮತ್ತೆ ಮಸೆಯಬಹುದು, ಕಡಿದುಹೋದ ನರ ಹಾಗೆ ಕೂಡುವುದಿಲ್ಲ.

ಮೂಲೆಯಲ್ಲಿ ಒಂದೆರಡು ಮಿಲಿಮೀಟರ್ ಮುಕ್ಕಾಗಿದೆ. ಪೂರ್ತಿ ಸವೆಸಲೇಬೇಕೇ?

ಉಳಿ ಅಗಲವಾಗಿದ್ದು ಒರಟು ಕೆಲಸಕ್ಕೆ ಬಳಸುವುದಾದರೆ ಬೇಕಿಲ್ಲ. ಹಾಗೆಯೇ ಬಳಸಿ, ಪ್ರತಿ ಸಲ ಮಸೆದಾಗಲೂ ಮುಕ್ಕು ಒಂದಿಷ್ಟು ಕರಗುತ್ತದೆ. ಬಾಗಿಲಿನ ಕೂಡಿಕೆ, ಪೆಟ್ಟಿಗೆಯ ಮೂಲೆಗಳಂಥ ಮೂಲೆ ಮುಖ್ಯವಾದ ಕೆಲಸಕ್ಕೆ ಮಾತ್ರ ಬಾಯಿಯನ್ನು ಪೂರ್ತಿ ಹಿಂದಕ್ಕೆ ತರಬೇಕು.

ಇಲ್ಲಿ ಬಹಳ ಜನ ತಪ್ಪು ದಾರಿ ಹಿಡಿಯುತ್ತಾರೆ. ಓರೆಯನ್ನೇ (ಬಾಯಿಯ ಕಡೆಗೆ ಇಳಿಜಾರಾಗಿ ಸವೆಸಿದ ಮುಖವನ್ನೇ) ಉಜ್ಜುತ್ತಾ ಮುಕ್ಕು ಹೋಗಲಿ ಎಂದು ಕಾಯುತ್ತಾರೆ. ಹಾಗೆ ಮಾಡಿದರೆ ಬಾಯಿ ತೆಳುವಾಗಿರುವಾಗಲೇ ಗ್ರೈಂಡರಿನ ಬಿಸಿ ತಾಗುತ್ತದೆ, ತೆಳು ಅಂಚು ಕ್ಷಣದಲ್ಲಿ ನೀಲಿಯಾಗುತ್ತದೆ. ಮೊದಲು ಉಳಿಯನ್ನು ನೆಟ್ಟಗೆ ನಿಲ್ಲಿಸಿ, ಒರಟು ಕಲ್ಲಿನ ಮೇಲೆ ಬಾಯಿಯನ್ನೇ ಉಜ್ಜಿ ಮುಕ್ಕು ಕಾಣದಷ್ಟು ಮೊಂಡು ಮಾಡಿ. ಪ್ರೀತಿಯ ಉಳಿಯನ್ನು ಕೈಯಾರೆ ಮೊಂಡು ಮಾಡುವಾಗ ಹೊಟ್ಟೆ ಉರಿಯುತ್ತದೆ ನಿಜ, ಆದರೆ ಇದೇ ಸರಿಯಾದ ಕ್ರಮ. ಮೂಲೆಮಟ್ಟ ಇಟ್ಟು ಬಾಯಿ ಅಡ್ಡಕ್ಕೆ ನೇರವಾಗಿದೆಯೇ ನೋಡಿ. ಈಗ ಬಾಯಿಯ ತುದಿಯಲ್ಲಿ ಹೊಳೆಯುವ ಒಂದು ಬಿಳಿ ಪಟ್ಟಿ ಇರುತ್ತದೆ. ಆ ಪಟ್ಟಿ ಕೂದಲೆಳೆಯಷ್ಟಾಗುವವರೆಗೆ ಓರೆಯನ್ನು ಸವೆಸಿ, ಅಲ್ಲಿಗೆ ಗ್ರೈಂಡರ್ ನಿಲ್ಲಿಸಿ. ಉಳಿದದ್ದನ್ನು ಕಲ್ಲಿನ ಮೇಲೆ ಕೈಯಿಂದಲೇ ಮುಗಿಸಿ.

ಕೋನ ಅಳೆಯಲು ಯಂತ್ರ ಬೇಡ. ಓರೆಯ ಉದ್ದ ಉಳಿಯ ದಪ್ಪದ ಸರಿಯಾಗಿ ಎರಡು ಪಟ್ಟಿದ್ದರೆ ಅದು 30 ಡಿಗ್ರಿ. ಎರಡೂವರೆ ಪಟ್ಟಿಗೆ ಸ್ವಲ್ಪ ಕಡಿಮೆ ಇದ್ದರೆ 25 ಡಿಗ್ರಿ. 25ಕ್ಕೆ ಸವೆಸಿ, ತುದಿಯನ್ನು ಮಾತ್ರ 30ಕ್ಕೆ ಮಸೆಯುವುದು ನಮ್ಮ ಕಡೆಯ ಹೆಚ್ಚಿನ ಮರಕ್ಕೆ ಹೊಂದುತ್ತದೆ. ಮಸೆಯುವಾಗ ಬೆನ್ನಿನ (ಓರೆಯ ಹಿಂದಿನ ಚಪ್ಪಟೆ ಮುಖದ) ಕಡೆ ಬೆರಳಿಗೆ ತಡೆಯುವ ತೆಳು ಅಂಚು ಉದ್ದಕ್ಕೂ ಎದ್ದರೆ ಬಾಯಿ ಮೂಡಿತು ಎಂದರ್ಥ. ಬೆನ್ನನ್ನು ಕಲ್ಲಿನ ಮೇಲೆ ಮಟ್ಟಸವಾಗಿ ಇಟ್ಟು ಎರಡೆಳೆತ ಎಳೆದು ಅದನ್ನು ತೆಗೆಯಿರಿ.

ಗ್ರೈಂಡರಿಗೆ ಕೊಟ್ಟಾಗ ತುದಿ ನೀಲಿಯಾಯಿತು. ಉಳಿ ಸತ್ತಂತೆಯೇ?

ಸತ್ತಿಲ್ಲ. ಸಾಧಾರಣ ಇಂಗಾಲದ ಉಕ್ಕಿನ ಉಳಿಗೆ ಹದ ಕೊಡುವಾಗ ಸುಮಾರು 200ರಿಂದ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ತಣಿಸಿರುತ್ತಾರೆ. ಆಗ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಮೂಡುತ್ತದೆ. ನೀಲಿ ಬಂದಿದೆ ಎಂದರೆ 290-300 ಡಿಗ್ರಿ ಮುಟ್ಟಿದೆ, ಆ ಜಾಗದ ಗಡಸುತನ ಇಳಿದಿದೆ ಎಂದರ್ಥ. ನೀಲಿಯನ್ನು ಉಜ್ಜಿ ಹೊಳಪು ಬರಿಸಿದರೆ ಬಣ್ಣ ಹೋಗುತ್ತದೆ, ಮೆದುವಾದ ಉಕ್ಕು ಅಲ್ಲಿಯೇ ಇರುತ್ತದೆ.

ನೀಲಿ ತುದಿಯಲ್ಲಿ ಮಾತ್ರ ಇದ್ದರೆ ಕಲ್ಲಿನ ಮೇಲೆ ನಿಧಾನವಾಗಿ ಅದನ್ನು ದಾಟಿ ಸವೆಸಿಬಿಡಿ. ದೂರದವರೆಗೆ ಹಬ್ಬಿದ್ದರೆ ಎರಡು ದಾರಿಗಳಿವೆ. ಮೊದಲನೆಯದು, ಹಾಗೆಯೇ ಬಳಸುತ್ತಾ ಆಗಾಗ ಮಸೆಯುವುದು. ಕೆಲವು ತಿಂಗಳಲ್ಲಿ ಒಳ್ಳೆಯ ಉಕ್ಕು ತಾನಾಗಿ ಬಾಯಿಗೆ ಬರುತ್ತದೆ. ನನಗೆ ಇದೇ ಇಷ್ಟ. ಎರಡನೆಯದು, ಕುಲುಮೆಯಲ್ಲಿ ಹೊಸದಾಗಿ ಹದ ಕೊಡಿಸುವುದು. ಅಲಗಿನ ಮೇಲೆ ಹೈಸ್ಪೀಡ್ ಸ್ಟೀಲ್ ಎಂದು ಬರೆದಿದ್ದರೆ ಚಿಂತೆಯೇ ಬೇಡ, ಆ ಉಕ್ಕು ಇಷ್ಟು ಬಿಸಿಗೆ ಮೆದುವಾಗುವುದಿಲ್ಲ.

ಮುಂದಿನ ಸಲ ಅಲಗನ್ನು ಬರಿಗೈಯಲ್ಲಿ, ಬಾಯಿಗೆ ಹತ್ತಿರವಾಗಿ ಹಿಡಿದು ಗ್ರೈಂಡ್ ಮಾಡಿ. ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದಿ. ಬಟ್ಟೆ ಸುತ್ತಿಕೊಂಡರೆ ಬಿಸಿ ಏರಿದ್ದು ಗೊತ್ತಾಗುವುದಿಲ್ಲ, ನೀಲಿಯಾಗುವುದು ಹೀಗೆಯೇ.

ನಮ್ಮೂರಿನ ಕುಲುಮೆಯಲ್ಲಿ ಹದ ಕೊಡಿಸಬಹುದೇ?

ಕೊಡಿಸಬಹುದು, ಆದರೆ ಕೊಟ್ಟು ಬಂದುಬಿಡಬೇಡಿ, ಜೊತೆಗೆ ನಿಂತು ಮಾಡಿಸಿ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಕುಲುಮೆಗಳಿಗೆ ಹೆಚ್ಚಾಗಿ ಬರುವುದು ತೋಟದ ಕತ್ತಿ, ಮಚ್ಚು, ಗುದ್ದಲಿ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಮಚ್ಚಿಗೆ ಬೇಕಾದ ಹದವೇ ಬೇರೆ. ಕೊಂಬೆಗೆ ಬೀಸಿದಾಗ ಅದು ಮುರಿಯಬಾರದು, ಆದ್ದರಿಂದ ಅದನ್ನು ಸ್ವಲ್ಪ ಮೆದುವಾಗಿಯೇ ಇಡುತ್ತಾರೆ. ಮರಗೆಲಸದ ಉಳಿಗೆ ಅದಕ್ಕಿಂತ ಗಡಸು ಬೇಕು. "ಆಚಾರಿಗಳೇ, ಇದು ಮರದ ಉಳಿ, ಮಚ್ಚಿನ ಹದ ಬೇಡ" ಎಂದು ಮೊದಲೇ ಹೇಳಿ.

ಒಂದು ಅಯಸ್ಕಾಂತ ತೆಗೆದುಕೊಂಡು ಹೋಗಿ. ಕೆಂಪಗೆ ಕಾದ ಉಕ್ಕಿಗೆ ಅಯಸ್ಕಾಂತ ಅಂಟುವುದು ನಿಂತಿತು ಎಂದರೆ ಸುಮಾರು 770 ಡಿಗ್ರಿ ದಾಟಿದೆ; ಅದಕ್ಕಿಂತ ತುಸು ಮೇಲೆ ಹೋದಾಗ ತಣಿಸಬೇಕು. ಬಾಯಿಯ ಒಂದೂವರೆ ಇಂಚಿನಷ್ಟು ಭಾಗ ಕಾದರೆ ಸಾಕು. ಯಾವ ಉಕ್ಕೆಂದು ತಿಳಿಯದ ಹಳೆಯ ಉಳಿಯನ್ನು ಎಣ್ಣೆಯಲ್ಲಿ ತಣಿಸಿ, ನೀರಿನಲ್ಲಿ ತಣಿಸಿದರೆ ಬಿರುಕು ಬಿಡುವ ಭಯ ಹೆಚ್ಚು. ತಣಿಸಿದ ಉಕ್ಕು ಗಾಜಿನಷ್ಟು ಪೆಡಸಾಗಿರುತ್ತದೆ. ಆದ್ದರಿಂದ ಬಾಯಿಯ ಹತ್ತಿರ ಉಜ್ಜಿ ಬಿಳಿ ಮಾಡಿ, ಬಾಯಿಯಿಂದ ದೂರದಲ್ಲಿ ಮತ್ತೆ ಮೆಲ್ಲಗೆ ಕಾಯಿಸಬೇಕು. ಹುಲ್ಲಿನ ಹಳದಿ ಬಣ್ಣ ನಿಧಾನವಾಗಿ ಬಾಯಿಯ ಕಡೆಗೆ ನಡೆದು ಬರುತ್ತದೆ. ಬಾಯಿ ಮುಟ್ಟಿದ ಕ್ಷಣ ನೀರಿಗೆ ಅದ್ದಬೇಕು. ಬೆಳಕು ಹೆಚ್ಚಿದ್ದರೆ ಈ ಬಣ್ಣ ಸರಿಯಾಗಿ ಕಾಣುವುದಿಲ್ಲ. ಕುಲುಮೆಗಳು ಅಷ್ಟು ಮಬ್ಬಾಗಿರುವುದಕ್ಕೆ ಇದೂ ಒಂದು ಕಾರಣ.

ತಾತನ ಕಾಲದ ಉಳಿ. ಸವೆಸುತ್ತಾ ಹೋದರೆ ಉಕ್ಕು ಮುಗಿದುಹೋಗುವುದೇ?

ಹೋಗಬಹುದು. ಹಳೆಯ ಉಳಿ, ಹತ್ತರಿ ಅಲಗುಗಳಲ್ಲಿ ಅನೇಕವು ಪೂರ್ತಿ ಉಕ್ಕಿನವಲ್ಲ. ಮೆದು ಕಬ್ಬಿಣದ ಮೇಲೆ ಗಡಸು ಉಕ್ಕಿನ ತೆಳು ಪದರವನ್ನು ಕುಲುಮೆಯಲ್ಲಿ ಬೆಸೆದಿರುತ್ತಾರೆ. ಓರೆಯನ್ನು ನುಣ್ಣಗೆ ಮಸೆದು ಬೆಳಕಿಗೆ ಓರೆಯಾಗಿ ಹಿಡಿಯಿರಿ: ಬಾಯಿಯ ಕಡೆ ಕನ್ನಡಿಯಂಥ ಹೊಳಪು, ಅದರ ಮೇಲೆ ಮಂಜು ಮುಸುಕಿದಂಥ ಬೂದು, ನಡುವೆ ಒಂದು ಗೆರೆ. ಆ ಹೊಳೆಯುವ ಪದರ ಅಲಗಿನ ಎಷ್ಟು ಉದ್ದದವರೆಗೆ ಇದೆಯೋ ಅಷ್ಟೇ ಆ ಉಳಿಯ ಆಯಸ್ಸು. ಇಂಥ ಉಳಿಗೆ ಮುಕ್ಕು ಬಿದ್ದರೆ ಗ್ರೈಂಡರನ್ನು ಮರೆತುಬಿಡಿ, ಕಲ್ಲಿನ ಮೇಲೆಯೇ ಎಷ್ಟು ಕಡಿಮೆ ಸಾಧ್ಯವೋ ಅಷ್ಟು ಸವೆಸಿ. ಅಲಗಿನ ಮೇಲೆ ಮಾಡಿದವರ ಗುರುತೋ ತಾತನ ಹೆಸರಿನ ಅಕ್ಷರವೋ ಇದ್ದರೆ ತುಕ್ಕು ತೆಗೆಯುವಾಗ ಆ ಜಾಗಕ್ಕೆ ಉಜ್ಜುಕಾಗದ ತಾಗಿಸಬೇಡಿ.

ಕಬ್ಬಿಣದ ಹತ್ತರಿ ಮೇಜಿನಿಂದ ಬಿದ್ದು ಬಿರುಕು ಬಿಟ್ಟಿದೆ. ವೆಲ್ಡಿಂಗ್ ಮಾಡಿಸಬಹುದೇ?

ನನಗೆ ಬರುವ ಪ್ರಶ್ನೆಗಳಲ್ಲಿ ಅತ್ಯಂತ ನೋವಿನದು ಇದು. ಕಬ್ಬಿಣದ ಹತ್ತರಿಯ ಮೈ ಸಾಮಾನ್ಯವಾಗಿ ಬೀಡುಕಬ್ಬಿಣದ ಎರಕ. ಅಮೆರಿಕದ ಲಿಯೊನಾರ್ಡ್ ಬೇಲಿ ಎಂಬಾತನ ವಿನ್ಯಾಸವನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡುಕೊಂಡಿತು. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಹತ್ತರಿಗಳಲ್ಲಿ ಹೆಚ್ಚಿನವು ಅದೇ ಮಾದರಿಯವು. ಬೀಡುಕಬ್ಬಿಣದೊಳಗೆ ಇಂಗಾಲ ತೆಳು ಹಾಳೆಗಳಾಗಿ ಹರಡಿಕೊಂಡಿರುತ್ತದೆ. ಆ ಹಾಳೆಗಳ ಅಂಚಿನಿಂದಲೇ ಬಿರುಕು ಹುಟ್ಟುತ್ತದೆ. ಆದ್ದರಿಂದ ಅದು ಬಾಗುವುದಿಲ್ಲ, ಒಮ್ಮೆಗೇ ಒಡೆಯುತ್ತದೆ. ಅದರಲ್ಲೂ ಅಲಗು ಹೊರಬರುವ ಸೀಳಿನ ಎರಡು ಪಕ್ಕಗಳಲ್ಲಿ ಮೈ ತೀರಾ ಸಣ್ಣ. ಬಿರುಕು ಬೀಳುವುದು ಹೆಚ್ಚಾಗಿ ಅಲ್ಲಿಯೇ.

ಬಿರುಕು ಸಣ್ಣದಾಗಿದ್ದು ತಳ ಮಟ್ಟಸವಾಗಿಯೇ ಇದ್ದರೆ ಏನೂ ಮಾಡದೆ ಬಳಸಿ ಎನ್ನುತ್ತೇನೆ. ತಳದ ಮೇಲೆ ಉಕ್ಕಿನ ಪಟ್ಟಿಯ ಅಂಚನ್ನಿಟ್ಟು ಬೆಳಕಿಗೆ ಹಿಡಿದರೆ ಸೊಟ್ಟಾಗಿದೆಯೇ ಇಲ್ಲವೇ ತಿಳಿಯುತ್ತದೆ. ಬಿರುಕಿನ ಕೊನೆಯಲ್ಲಿ 2-3 ಮಿಲಿಮೀಟರಿನ ತೂತು ಕೊರೆಸಿದರೆ ಅದು ಮುಂದಕ್ಕೆ ಓಡುವುದು ನಿಲ್ಲುತ್ತದೆ. ಆ ಕೊನೆಯನ್ನು ಪತ್ತೆ ಮಾಡಲು ಮೇಲೆ ಹೇಳಿದ ಸೀಮೆಸುಣ್ಣದ ಉಪಾಯವೇ ಸಾಕು.

ಮೈ ಎರಡು ತುಂಡಾಗಿದ್ದರೆ ಗೇಟು, ಕಿಟಕಿ ಸರಳು ಬೆಸೆಯುವ ಅಂಗಡಿಗೆ ಕೊಡಬೇಡಿ. ಸಾಮಾನ್ಯ ವೆಲ್ಡಿಂಗ್ ಕಡ್ಡಿಯಿಂದ ಬೆಸೆದರೆ ತಣಿಯುವಾಗ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಬೀಳುತ್ತದೆ. ಬೀಡುಕಬ್ಬಿಣಕ್ಕೆ ನಿಕಲ್ ಕಡ್ಡಿ ಬೇಕು, ಇಲ್ಲವೇ ಹಿತ್ತಾಳೆ ಬೆಸುಗೆ ಆಗಬೇಕು. ಮೈಯನ್ನು ಮೊದಲೇ ಕಾಯಿಸಿ, ಬೆಸೆದ ಮೇಲೆ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಬೇಕು. ಎಂಜಿನ್ ಬ್ಲಾಕ್ ರಿಪೇರಿ ಮಾಡುವವರಿಗೆ ಈ ಕೆಲಸ ಗೊತ್ತಿರುತ್ತದೆ. ಹಾಸನದಂಥ ಊರಿನಲ್ಲಿ ಲೇತ್ ಅಂಗಡಿಗಳಲ್ಲಿ ವಿಚಾರಿಸಿದರೆ ಅಂಥವರು ಸಿಗುತ್ತಾರೆ. ಆದರೂ ಬೆಸುಗೆಯ ಬಿಸಿಗೆ ತಳ ಸೊಟ್ಟಾಗುತ್ತದೆ, ಮತ್ತೆ ಮಟ್ಟ ಮಾಡಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ನೆನಪಿಗಾಗಿ ಉಳಿಸಿಕೊಳ್ಳುವುದಾದರೆ ಬೆಸೆಸಿ. ದುಡಿಮೆಗೆ ಬೇಕಾದರೆ ಬೇರೆ ಮೈ ಹುಡುಕಿ, ಹಳೆಯ ಅಲಗು, ಹಿಡಿಕೆ, ತಿರುಪುಗಳನ್ನು ಅದಕ್ಕೆ ಹಾಕಿಕೊಳ್ಳಿ. ಕೈಗೆ ಒಗ್ಗಿದ ಹಿಡಿಕೆಯಾದರೂ ಉಳಿಯುತ್ತದೆ. ಮುರಿದ ಮೈಯ ಒಂದೊಂದು ತಿರುಪನ್ನೂ ತೆಗೆದಿಡಿ, ಆ ಅಳತೆಯ ತಿರುಪು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಕಷ್ಟ.

ಮರದ ಹತ್ತರಿ ಬಿದ್ದರೆ?

ಸಾಮಾನ್ಯವಾಗಿ ನೆಗ್ಗುತ್ತದೆ, ಅಷ್ಟೆ. ಸಣ್ಣ ನೆಗ್ಗಿಗೆ ಒದ್ದೆ ಬಟ್ಟೆ ಇಟ್ಟು ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದರೆ ನಾರು ಉಬ್ಬಿ ಮೇಲೇಳುತ್ತದೆ. ಅಲಗು ಹೊರಬರುವ ಸೀಳಿನ ಮುಂಭಾಗ ಒಡೆದಿದ್ದರೆ ಅಲ್ಲಿ ಗಟ್ಟಿ ಮರದ ತೇಪೆ ಕೂರಿಸಿ. ತೇಪೆಯ ನಾರು ಹತ್ತರಿಯ ಉದ್ದಕ್ಕೇ ಓಡಬೇಕು.

ಉಳಿಯ ಹಿಡಿ ಸೀಳಿಹೋಯಿತು. ಯಾವ ಮರ ಹಾಕಲಿ?

ನಾರಿನಗುಂಟ ನೀಟಾಗಿ ಸೀಳಿದ್ದರೆ, ಅದೇ ದಿನ ಧೂಳು ಕೂರುವ ಮುಂಚೆ ಫೆವಿಕಾಲ್ ಹಚ್ಚಿ ದಾರ ಬಿಗಿದು ಒಂದು ದಿನ ಬಿಡಿ. ಒಳ್ಳೆಯ ಕೂಡಿಕೆ ಮರದಷ್ಟೇ ಗಟ್ಟಿಯಾಗುತ್ತದೆ. ಅಡ್ಡಕ್ಕೆ ಮುರಿದಿದ್ದರೆ ಅಂಟು ನಿಲ್ಲುವುದಿಲ್ಲ, ಹೊಸದೇ ಬೇಕು.

ಮರದ ವಿಷಯದಲ್ಲಿ ನಾವು ಪುಣ್ಯವಂತರು. ತೋಟದಲ್ಲಿ ಹಳೆಯ ಕಾಫಿ ಗಿಡ ಕಿತ್ತಾಗ ಬೊಡ್ಡೆಯನ್ನು ಸೌದೆಗೆ ಹಾಕುವ ಮುಂಚೆ ನೇರವಾದ ತುಂಡುಗಳನ್ನು ಆರಿಸಿಕೊಳ್ಳಿ. ಕಾಫಿ ಮರ ಗಟ್ಟಿ, ನಾರು ಒತ್ತು, ಕೈಯಲ್ಲಿ ಆಡುತ್ತಾ ನುಣುಪಾಗುತ್ತದೆ. ತುದಿಗಳಿಗೆ ಮೇಣವೋ ಪೇಂಟೋ ಬಳಿದು ನೆರಳಿನಲ್ಲಿ ಒಣಗಿಸಿ, ಇಲ್ಲದಿದ್ದರೆ ತುದಿಯಿಂದ ಸೀಳುತ್ತದೆ. ಬಯಲುಸೀಮೆಯ ಕಡೆ, ಅರಸೀಕೆರೆ ಕಡೂರಿನ ಸುತ್ತ ಕರಿಜಾಲಿ, ಹುಣಸೆ ಸಿಗುತ್ತವೆ, ಎರಡೂ ಪೆಟ್ಟು ತಡೆಯುತ್ತವೆ. ದಿಂಡಿಗ ಸಿಕ್ಕರೆ ಬಾಚಿಯ (ಬೀಸಿ ಮರ ಕೆತ್ತುವ ಉಪಕರಣದ) ಕಾವಿಗೆ, ಅಂದರೆ ಹಿಡಿಗೆ, ಎತ್ತಿಡಿ. ಹಲಸು ನೋಡಲು ಚೆಂದ, ಆದರೆ ಕೊಡತಿಯ (ಮರದ ಸುತ್ತಿಗೆಯ) ಪೆಟ್ಟು ತಿನ್ನುವ ಹಿಡಿಗೆ ಬೇಡ. ಸಿಲ್ವರ್ ಓಕ್ ಖಂಡಿತ ಬೇಡ.

ಹಿಡಿಯ ಬಾಯಿಗೆ ಬಳೆ ಹಾಕದೆ ಬಳಸಬೇಡಿ. ಗುಜರಿ ಅಂಗಡಿಯ ಹಳೆಯ ಹಿತ್ತಾಳೆ ಕೊಳವೆಯ ಅರ್ಧ ಇಂಚಿನ ತುಂಡು ಸಾಕು. ಉಳಿಯ ಬಾಲಕ್ಕೆ ತೂತು ಕೊರೆಯುವಾಗ ಬಳೆ ಮೊದಲೇ ಕೂತಿರಬೇಕು. ಬಾಲ ಕೈಯೊತ್ತಿಗೆ ಮುಕ್ಕಾಲು ಭಾಗ ಇಳಿದು, ಕೊನೆಯ ಕಾಲು ಭಾಗ ಕೊಡತಿಯ ಪೆಟ್ಟಿಗೆ ಕೂರುವಷ್ಟು ಬಿಗಿ ಇರಲಿ. ಕಬ್ಬಿಣದ ಸುತ್ತಿಗೆಯಿಂದ ಮರದ ಹಿಡಿಯನ್ನು ಹೊಡೆಯುವ ಅಭ್ಯಾಸವಿದ್ದರೆ ಎಂಥ ಮರವೂ ಬಾಳುವುದಿಲ್ಲ.

ಬಾಚಿಯ ಕಾವು ಬೇಸಿಗೆಯಲ್ಲಿ ಸಡಿಲ, ಮಳೆಗಾಲದಲ್ಲಿ ಬಿಗಿ. ಏಕೆ?

ಮರ ಒಣಗಿದಾಗ ಕುಗ್ಗುತ್ತದೆ, ತೇವಕ್ಕೆ ಹಿಗ್ಗುತ್ತದೆ. ಸಡಿಲವಾದಾಗ ನೀರಿನಲ್ಲಿ ನೆನೆಹಾಕುವುದು ಎಲ್ಲರ ರೂಢಿ. ಆದರೆ ಕಬ್ಬಿಣದ ಕಣ್ಣಿನೊಳಗೆ ಹಿಗ್ಗಲು ಜಾಗವಿಲ್ಲದೆ ನಾರು ಜಜ್ಜಿಹೋಗುತ್ತದೆ, ಮುಂದಿನ ಬೇಸಿಗೆಗೆ ಇನ್ನಷ್ಟು ಸಡಿಲವಾಗುತ್ತದೆ. ಚೆನ್ನಾಗಿ ಒಣಗಿದ ಕಾವಿಗೆ ಒಣಗಿದ ಬೆಣೆ ಹೊಡೆಯಿರಿ. ಕಾವಿನ ಬಾಚಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ.

ಹಳೆ ಮನೆಯ ತೊಲೆ ಕೊಯ್ಯುವಾಗ ಗರಗಸ ಮೊಳೆಗೆ ತಾಗಿತು.

ಒಂದೆರಡು ಹಲ್ಲು ಮುರಿದಿದ್ದರೆ ಬಿಡಿ, ಕೊಯ್ತಕ್ಕೆ ತೊಂದರೆಯಿಲ್ಲ. ಸಾಲಾಗಿ ನಾಲ್ಕೈದು ಹೋಗಿದ್ದರೆ ಚಪ್ಪಟೆ ಅರದಿಂದ ಎಲ್ಲಾ ಹಲ್ಲುಗಳ ತುದಿಯನ್ನು ಸಮ ಮಾಡಿ, ಮೂರು ಮೂಲೆಯ ಅರದಿಂದ ಹೊಸ ಹಲ್ಲು ತೆಗೆಯಬೇಕು. ಹಲ್ಲುಗಳ ತುದಿ ಮಾತ್ರ ಕಪ್ಪು ನೀಲಿಯಾಗಿರುವ ಹೊಸ ಮಾದರಿಯ ಗರಗಸವಾದರೆ ಅದಕ್ಕೆ ಅರ ಹತ್ತುವುದಿಲ್ಲ, ಅರವೇ ಹಾಳಾಗುತ್ತದೆ. ಅಲಗು ಬಾಗಿದ್ದರೆ ಮೊಣಕಾಲಿನ ಮೇಲೆ ವಿರುದ್ಧ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೇರ ಮಾಡಬಹುದು. ಮಡಿಕೆ ಬಿದ್ದಿದ್ದರೆ ಅದನ್ನು ಗರಗಸ ಮಸೆಯುವ ನುರಿತವರಿಗೇ ಬಿಡಿ. ಹಳೆಯ ಮರ ಕೊಯ್ಯುವ ಮುಂಚೆ ದಾರಕ್ಕೆ ಅಯಸ್ಕಾಂತ ಕಟ್ಟಿ ಮರದ ಮೈಗುಂಟ ತೂಗಾಡಿಸಿದರೆ ಮೊಳೆ ಇರುವ ಕಡೆ ಅದು ವಾಲುತ್ತದೆ.

ಮಳೆಗಾಲದಲ್ಲಿ ಹೆಂಚು ಸೋರಿ ಪೆಟ್ಟಿಗೆಯಲ್ಲಿದ್ದ ಉಳಿಗಳೆಲ್ಲಾ ತುಕ್ಕು ಹಿಡಿದಿವೆ.

ಮೇಲಿನ ಕೆಂಪು ಪುಡಿ ಮಾತ್ರವಾದರೆ ಎಣ್ಣೆ ಹಚ್ಚಿ ನುಣುಪಾದ ಉಜ್ಜುಕಾಗದದಿಂದ ತೆಗೆಯಬಹುದು. ಗಟ್ಟಿಯಾಗಿದ್ದರೆ ಹುಣಸೆಹುಳಿಯನ್ನು ಗಟ್ಟಿ ಕಿವುಚಿ, ಅಲಗು ಮಾತ್ರ ಮುಳುಗುವಂತೆ ಒಂದು ರಾತ್ರಿ ಇಡಿ. ಹಿಡಿಗೆ ತಾಗಬಾರದು. ಬೆಳಗ್ಗೆ ಉಜ್ಜಿ ತೊಳೆದು, ಹುಳಿ ಉಳಿಯದಂತೆ ಅಡುಗೆ ಸೋಡದ ನೀರಿನಲ್ಲಿ ಅದ್ದಿ, ಬಿಸಿಲಿಗೋ ಒಲೆಯ ಹತ್ತಿರವೋ ಒಣಗಿಸಿ, ಬೆಚ್ಚಗಿರುವಾಗಲೇ ಎಣ್ಣೆ ಹಚ್ಚಿ. ತುಸು ತಡ ಮಾಡಿದರೂ ಹೊಸ ತುಕ್ಕು ಏಳುತ್ತದೆ. ಉಕ್ಕು ಬೂದುಬಣ್ಣಕ್ಕೆ ತಿರುಗಿರುತ್ತದೆ, ಅದರಿಂದ ದೋಷವಿಲ್ಲ.

ನಿಜವಾದ ಹಾನಿ ಬೆನ್ನಿನ ಮೇಲೆ ಬಿದ್ದ ಗುಳಿಗಳಲ್ಲಿದೆ. ಬಾಯಿ ಎಂದರೆ ಓರೆಯೂ ಬೆನ್ನೂ ಕೂಡುವ ಗೆರೆ. ಬೆನ್ನಿನ ಗುಳಿ ಆ ಗೆರೆಗೆ ಬಂದ ಕಡೆಯೆಲ್ಲಾ ಬಾಯಿ ಮುಕ್ಕಾಗಿಯೇ ಇರುತ್ತದೆ. ಬಾಯಿಯಿಂದ ಒಂದು ಇಂಚಿನಷ್ಟು ಬೆನ್ನನ್ನು ಕಲ್ಲಿನ ಮೇಲೆ ಗುಳಿ ಕಾಣದವರೆಗೆ ಉಜ್ಜಬೇಕು. ಬೇಸರದ ಕೆಲಸ, ಬೇರೆ ದಾರಿಯಿಲ್ಲ.

ಮೂಡಿಗೆರೆ, ಸಕಲೇಶಪುರದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯಲ್ಲಿ ಸೋರದ ಮನೆಯಲ್ಲೂ ತುಕ್ಕು ಬರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ವಾರಕ್ಕೊಮ್ಮೆ ಒರೆಸಿ. ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ, ಗೋಡೆಗೂ ತಾಗಿಸಬೇಡಿ. ಹತ್ತರಿಯೊಳಗೆ ಸಿಕ್ಕಿಕೊಂಡ ಹೊಟ್ಟನ್ನು ತೆಗೆದುಬಿಡಿ, ಹೊಟ್ಟು ತೇವ ಹೀರಿ ಅಲಗಿಗೆ ಅಂಟಿಸುತ್ತದೆ. ಅಗಸೆ ಎಣ್ಣೆ ಹಿಡಿಗೆ ಒಳ್ಳೆಯದು, ಅಲಗಿನ ಮೇಲೆ ಜಿಗುಟಾಗಿ ಒಣಗುತ್ತದೆ.

ಆಯುಧ ಪೂಜೆಯ ನಂತರ ಅಲಗಿನ ಮೇಲೆ ಕಪ್ಪು ಕಲೆಗಳು ಉಳಿದಿವೆ.

ಒದ್ದೆ ಅರಿಸಿನ ಕುಂಕುಮ, ನಿಂಬೆಹಣ್ಣಿನ ರಸ ರಾತ್ರಿಯಿಡೀ ಉಕ್ಕಿನ ಮೇಲೆ ಇದ್ದ ಗುರುತು ಅದು. ಪೂಜೆಗೆ ಮೊದಲು ಅಲಗಿಗೆ ಎಣ್ಣೆ ಸವರಿ, ಬೊಟ್ಟನ್ನು ಹಿಡಿಗೆ ಇಡಿ. ಇಟ್ಟದ್ದನ್ನು ಮಾರನೆಯ ಬೆಳಗ್ಗೆಯೇ ಒರೆಸಿ. ಮುರಿದದ್ದನ್ನು ಪೂಜೆಗೆ ಇಡಬಹುದೇ ಎಂದೂ ಕೆಲವರು ಕೇಳುತ್ತಾರೆ. ನಮ್ಮ ಮನೆಯಲ್ಲಿ ಇಡುತ್ತೇವೆ. ಅನ್ನ ಕೊಟ್ಟದ್ದು ಅದೇ ತಾನೆ.

ಪಕ್ಕದವರು ಎರವಲು ಒಯ್ದು ಮೊಳೆ ಕಿತ್ತು ಮುಕ್ಕು ಮಾಡಿ ತಂದಿದ್ದಾರೆ. ಏನು ಹೇಳಲಿ?

ಬೇಕೆಂದೇ ಯಾರೂ ಹಾಳು ಮಾಡುವುದಿಲ್ಲ. ಅವರ ಕಣ್ಣಿಗೆ ಉಳಿಯೂ ಒಂದು ಕಬ್ಬಿಣದ ತುಂಡು. ಜಗಳ ಬೇಡ, ಆದರೆ ಸುಮ್ಮನಿರುವುದೂ ಸರಿಯಲ್ಲ. ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಅವರೆದುರೇ ಮುಕ್ಕು ತೆಗೆಯಿರಿ. "ಅಣ್ಣಾ, ಇದು ಕೀಳುವುದಕ್ಕಲ್ಲ, ಕೆತ್ತುವುದಕ್ಕೆ" ಎಂದು ಹೇಳಿ. ಆ ಒಂದು ಗಂಟೆ ನೋಡಿದವರು ಮತ್ತೆ ಮೊಳೆಗೆ ಉಳಿ ಹಾಕಿದ್ದನ್ನು ನಾನು ಕಂಡಿಲ್ಲ. ಎರವಲಿಗೆಂದೇ ಒಂದು ಹಳೆಯ ಉಳಿ ಬೇರೆ ಇಟ್ಟುಕೊಳ್ಳಿ.

ಮತ್ತೆ ಬೀಳದಂತೆ ಏನು ಮಾಡಬಹುದು?

ಮೇಜಿನ ಅಂಚಿಗೆ ಹಲಗೆಯ ತಡೆ ಹೊಡೆಯಿರಿ. ಉಳಿಗಳನ್ನು ಮೇಜಿನ ಮೇಲೆ ಉರುಳಲು ಬಿಡದೆ ಗೂಡಿನಲ್ಲಿ ನಿಲ್ಲಿಸಿ. ಕಾಲಿನ ಕೆಳಗೆ ಕಾಫಿ ಚೀಲದ ಗೋಣಿಯನ್ನು ಎರಡು ಮಡಿಕೆ ಹಾಸಿದರೆ ಬಿದ್ದ ಹತ್ತರಿ ಎಷ್ಟೋ ಸಲ ಬದುಕುತ್ತದೆ.

ಬೀಳದಿದ್ದರೂ, ಮೊಳೆ ತಾಗದಿದ್ದರೂ ಬಾಯಿ ಮುಕ್ಕಾಗುತ್ತಿದೆ. ಉಕ್ಕೇ ಕೆಟ್ಟದ್ದೇ?

ಮರವನ್ನೂ ನೋಡಿ. ತೇಗದಲ್ಲಿ ಮರಳಿನ ಅಂಶವಾದ ಸಿಲಿಕಾ ಇರುತ್ತದೆ, ಬಾಯಿ ಬೇಗ ಮೊಂಡಾಗುತ್ತದೆ. ಬೀಟೆಯಲ್ಲಿ ಕೆಲವೊಮ್ಮೆ ಸುಣ್ಣದಂಥ ಬಿಳಿ ಗೆರೆಗಳು ಸಿಗುತ್ತವೆ, ಅವು ಅಲಗನ್ನು ತಿನ್ನುತ್ತವೆ. ಗಂಟಿನ ಮೇಲೆ ಉಳಿಯನ್ನು ಹೊಡೆದು ಪಕ್ಕಕ್ಕೆ ಮೀಟಿದರೆ ಯಾವ ಉಕ್ಕೂ ಚಿಪ್ಪೇಳುತ್ತದೆ. ಹೊಸ ಉಳಿಯಾದರೆ ತುದಿ ಮೊದಮೊದಲು ಅತಿ ಪೆಡಸಾಗಿರುವುದುಂಟು. ಕೆಲವು ಸಲ ಮಸೆದ ಮೇಲೆ ಸರಿಯಾಗುತ್ತದೆ. ಅಷ್ಟಾದರೂ ಚಿಪ್ಪೇಳುತ್ತಿದ್ದರೆ ತುದಿಯ ಕೋನವನ್ನು 30ರಿಂದ 33-35 ಡಿಗ್ರಿಗೆ ಏರಿಸಿ ನೋಡಿ. ಅದಕ್ಕೂ ನಿಲ್ಲದಿದ್ದರೆ ಮಾತ್ರ ಉಕ್ಕನ್ನು ದೂರಿ, ಕೊಂಡ ಅಂಗಡಿಗೆ ತಿರುಗಿ ಒಯ್ಯಿರಿ.